ಸಮಸ್ಯೆ: ಮನೆಗೆಂದು ನಡೆದ ಲತಾಂಗಿ ಮನೆಯೊಳ್ ನಿಂದಳ್

ಕಂದಪ್ರಿಯ: ಈ ವಾರದ ಸಮಸ್ಯೆ ಮೇಲಿದೆ, ಅದೇ ಕೊನೆಯ ಸಾಲಾಗುವಂತೆ ನಾಲ್ಕು ಸಾಲಿನ ಕಂದಪದ್ಯ ಬರೆಯಿರಿ. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕ, ಶಕುಂತಲೆ ಸಾಕುತಂದೆ ಕಣ್ವರ ಆಶ್ರಮ ಬಿಟ್ಟು ಗಂಡನ ಮನೆಗೆ ಹೊರಡುವ ಭಾಗ, ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟಿದ್ದೇನೆ. ಹೋದ ಸಲದ ಹಾಗೆ ಬರೀ ಪ್ರಾಸಕ್ಕೋಸ್ಕರ (ಪ್ರತಿ ಸಾಲಿನ ಎರಡನೆಯ ಅಕ್ಷರ 'ನ') 'ಮನುಜ', 'ಮನುಕುಲ' ತುರುಕಬೇಡಿ.

ತುಂಗಾತೀರ: ಯಾರಿಗೆ ಹೇಳಿದ್ದು ಅಂತ ಗೊತ್ತಾಯಿತು. ತಗೊಳ್ಳಿ.

ಇನಿಯನ ಪುರಕೆಂದೆದ್ದೊಡೆ
ವನಮೃಗಶಿಶು ಬಂದು ಸೆರಗ ಪಿಡಿದೆಳೆದತ್ತೈ
ಮನಮೆಂತೊಪ್ಪುಗುಮೆನುತಂ
ಮನೆಗೆಂದು ನಡೆದ ಲತಾಂಗಿ ಮನೆಯೊಳ್ ನಿಂದಳ್

ಹಳೆಯೋಲೆ: 'ವನಮೃಗ' ಎಡವಿತು. ಮೃ ಬಂದ ಮೇಲೆ ಹಿಂದಿನ 'ನ' ಗುರು, ಎರಡು ಮಾತ್ರೆ; ಲಘುವಾಗಿದ್ದರೆ ಒಂದೇ. ಒಂದು ಮಾತ್ರೆ ಹೆಚ್ಚು.

ತುಂಗಾತೀರ: ರಾಯರೇ, ಋ ಸ್ವರ. ಅಲ್ಲಿ ಒತ್ತಕ್ಷರ ಎಲ್ಲಿದೆ?

ಹಳೆಯೋಲೆ: ಪುಸ್ತಕದಲ್ಲಿ ಸ್ವರ, ಬಾಯಲ್ಲಿ 'ಮ್ರುಗ'. ಗಮಕಿಗಳ ಹತ್ತಿರ ಓದಿಸಿ ನೋಡಿ. ಶಿಥಿಲ (ಒತ್ತನ್ನು ಸಡಿಲಿಸಿ ಹಿಂದಿನ ಅಕ್ಷರವನ್ನು ಲಘುವೆಂದೇ ಎಣಿಸುವುದು) ಅಂತ ಒಪ್ಪಿಕೊಂಡರೆ ಬಿಟ್ಟುಬಿಡುತ್ತೇನೆ.

ತುಂಗಾತೀರ: ಯಾಕೆ ಒಪ್ಪಲಿ? ವ್ಯಾಕರಣಕಾರ ಕೇಶಿರಾಜನ ಶಿಥಿಲ ಒತ್ತಕ್ಷರಕ್ಕೆ. ಒತ್ತೇ ಇಲ್ಲದಲ್ಲಿ ಸಡಿಲಿಸುವುದು ಏನನ್ನು? 'ಕೃಪೆ'ಯ ಮೇಲೂ ಇದೇ ಜಗಳ ತೆಗೆದಿದ್ದಿರಿ, ಮರೆತಿಲ್ಲ.

ಕಂದಪ್ರಿಯ: ಮೃಗ ಸರಿಯಾಗಿದೆ, ಮುಂದೆ ಹೋಗೋಣ. 'ಎಳೆದತ್ತೈ'ಯ ಆ ಕೊನೆಯ 'ಐ' ಮಾತ್ರ ಜಾಗ ತುಂಬಿಸಲು ಬಂದದ್ದು.

ಹಳೆಯೋಲೆ: ಸರಿ, ಮೃಗ ಬಿಟ್ಟೆ. ಸೆರಗು? ನಾರುಡೆ ಉಟ್ಟ ಹುಡುಗಿಗೆ ಸೆರಗೆಲ್ಲಿಂದ ಬಂತು?

ತುಂಗಾತೀರ: ನಾಲ್ಕನೆಯ ಅಂಕ ಇನ್ನೊಮ್ಮೆ ಓದಿ. ಬೆಳದಿಂಗಳಂಥ ಕ್ಷೌಮ ಕೊಟ್ಟದ್ದು ಆಶ್ರಮದ ಮರಗಳೇ. ಒಡವೆ ತೊಟ್ಟು ಗೊತ್ತಿಲ್ಲದ ಗೆಳತಿಯರು ಚಿತ್ರದಲ್ಲಿ ಕಂಡದ್ದನ್ನು ನೆನೆಸಿಕೊಂಡು ಸಿಂಗರಿಸುತ್ತಾರೆ. ಹಾಗೆ ಹೊಸದಾಗಿ ಉಟ್ಟ ಆ ಬಟ್ಟೆಯನ್ನೇ ಜಿಂಕೆಮರಿ ಕಚ್ಚಿ ಎಳೆದದ್ದು. ನನಗೆ ಆ ಅಂಕದ ಜೀವ ಇರುವುದೇ ಅಲ್ಲಿ.

ಹಳೆಯೋಲೆ: ಕ್ಷೌಮ ನೆನಪಿತ್ತು. ಸೆರಗಿನ ಮಾತು ಬೇರೆ. ಇರಲಿ. ಬಸವಪ್ಪ ಶಾಸ್ತ್ರಿಗಳ (1843–1891) ಕನ್ನಡ ಶಾಕುಂತಲವನ್ನು ನಮ್ಮಜ್ಜ ರಾಗವಾಗಿ ಓದುತ್ತಿದ್ದರು. ಕಣ್ವರ ಗಂಟಲು ಕಟ್ಟುವ ಜಾಗ ಬಂದರೆ ಅಜ್ಜಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು, ಒಲೆಯ ಮೇಲೆ ಏನೂ ಇಲ್ಲದಿದ್ದರೂ. ಅದನ್ನೇ ನೆನೆದು ಬರೆದೆ:

ಮುನಿಯುಂ ಕಂಬನಿದುಂಬಿದ
ದನಿಯಿಂ ಪೋಗೆಂದನಾದೊಡಂ ಬಿಡದಡಿಗಳ್
ಬನದೆಳಗರುಕೆಯನೆನುತಂ
ಮನೆಗೆಂದು ನಡೆದ ಲತಾಂಗಿ ಮನೆಯೊಳ್ ನಿಂದಳ್

ಕಂದಪ್ರಿಯ: ಗರುಕೆ ಬಿಡದ ಕಾಲು! ಬಹಳ ಚೆನ್ನಾಗಿದೆ.

ತುಂಗಾತೀರ: ಕಾಲು ಒಂದೋ ಎರಡೋ ರಾಯರೇ? 'ಅಡಿಗಳ್' ಬಹುವಚನ, 'ಬಿಡದು' ಏಕವಚನ.

ಹಳೆಯೋಲೆ: ಅಡಿಗಳೆಂದರೆ ಎರಡೂ ಕೂಡಿದ ಒಂದು ಜೋಡಿ. ಆ ಅರ್ಥದಲ್ಲಿ ಏಕವಚನ.

ತುಂಗಾತೀರ: ಮೃಗದಲ್ಲಿ ಇಲ್ಲದ ಒತ್ತು ಕೇಳಿಸಿದ ಕಿವಿಗೆ ಇಲ್ಲಿ 'ಗಳ್' ಕೇಳಿಸಲಿಲ್ಲವೇ?

ಹಳೆಯೋಲೆ: 'ಬಿಡವಡಿಗಳ್'. ತಿದ್ದಿಕೊಂಡೆ. ಮಾತ್ರೆ ಕೆಡಲಿಲ್ಲ, ಗಮನಿಸಿ.

ಮಾವಿನಚಿಗುರು: ನಿಮ್ಮ ಮಧ್ಯೆ ಬರುವುದಕ್ಕೆ ಹೆದರಿಕೆ, ಆದರೂ ಹೇಳುತ್ತೇನೆ. ಮಗಳು ಮೊನ್ನೆ ಗಂಡನ ಊರಿಗೆ ಹೊರಟಳು. ಅವಳ ಬ್ಯಾಗಿನ ಪಟ್ಟಿ ಗೇಟಿನ ಚಿಲಕಕ್ಕೆ ಸಿಕ್ಕಿಕೊಂಡಿತು. ಬಿಡಿಸುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಇಬ್ಬರೂ ಸುಮ್ಮನೆ ನಿಂತಿದ್ದೆವು. ಆಗ ಮೊದಲ ಅಂಕ ನೆನಪಾಯಿತು. ರಾಜ ದುಷ್ಯಂತನ ಕಡೆ ಇನ್ನೊಂದು ಸಲ ನೋಡಬೇಕು ಅಂತ ಕಾಲಿಗೆ ದರ್ಭೆ ಚುಚ್ಚಿತು, ನಾರುಡೆ ಕುರವಕದ ಕೊಂಬೆಗೆ ಸಿಕ್ಕಿತು ಅಂತ ನೆಪ ಹೂಡಿ ನಿಂತವಳು ಈ ಶಕುಂತಲೆಯೇ. ನಾಲ್ಕನೆಯದರಲ್ಲಿ ಉಡೆ ನಿಜವಾಗಿಯೂ ಸಿಕ್ಕಿಕೊಳ್ಳುತ್ತದೆ. ದರ್ಭೆ ಚುಚ್ಚಿದ ಮರಿಯ ಬಾಯಿಗೆ ಇಂಗುದಿಯ ಎಣ್ಣೆ ಹಚ್ಚಿ, ಸಾವೆ ಕಾಳು ಹಿಡಿ ಹಿಡಿ ತಿನ್ನಿಸಿ ಸಾಕಿದ್ದಳು.

ಅನೃತದೆ ಸಿಲುಕಿದುದಂದಿನ
ದಿನಮುಡೆ ಕುರವಕದೊಳಿಂದು ದಿಟದಿಂ ಪಿಡಿಯಲ್
ತನಯನವೊಲ್ ಪೊರೆದೆರಳೆಯೆ
ಮನೆಗೆಂದು ನಡೆದ ಲತಾಂಗಿ ಮನೆಯೊಳ್ ನಿಂದಳ್

ಕಂದಪ್ರಿಯ: ಅಕ್ಕಾ, ನಮಸ್ಕಾರ.

ತುಂಗಾತೀರ: ಚೆನ್ನಾಗಿದೆ ಅಕ್ಕ. ಮೊದಲ ಅಂಕ ನನಗೆ ಹೊಳೆದಿರಲಿಲ್ಲ.

ಹಳೆಯೋಲೆ: ಒಳ್ಳೆಯ ಪದ್ಯ. 'ಅನೃತ'ದ ನೃ ಪ್ರಾಸದ ಜಾಗದಲ್ಲೇ ಕೂತಿದೆ.

ತುಂಗಾತೀರ: ಕೂತಿದೆ. ಹೇಳಿ, ಆ 'ಅ' ಗುರುವೋ ಲಘುವೋ?

ಹಳೆಯೋಲೆ: ತಂಗಿಯ ಪದ್ಯದಲ್ಲಿ ಲಘು.

ತುಂಗಾತೀರ: ನನ್ನದರಲ್ಲಿ?

ಹಳೆಯೋಲೆ: ನಿಮ್ಮ 'ಐ' ಮೊದಲು ತೆಗೆಯಿರಿ, ಆಮೇಲೆ ಮಾತಾಡೋಣ.