ಎಲ್‌ಪಿಡಿಯಲ್ಲಿ ಸರಿಯಾಗಿ ಬರುತ್ತಿದ್ದ ಕಾಟಾ ಚೀಟಿ ಕಪ್ಸ್‌ನಲ್ಲಿ ಖಾಲಿ ಬರುತ್ತಿದೆ

ಮುಧೋಳ ಕಾಟಾ

ಎಲ್ಲರಿಗೂ ನಮಸ್ಕಾರ. ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ತೂಕದ ಕಾಟಾ ಇದೆ. ಕಬ್ಬಿನ ಸೀಸನ್ ಶುರುವಾದರೆ ನಮಗೆ ಹಗಲು ರಾತ್ರಿ ಒಂದೇ. ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಬರುತ್ತೆ, ಜೋರಾಗಿ ಹಾಡು ಹಚ್ಚಿರುತ್ತಾರೆ, ತೂಕ ಮಾಡಿ ಚೀಟಿ ಹರಿದು ಕೊಡಬೇಕು. ಆ ಚೀಟಿ ಕಿಸೆಯಲ್ಲಿ ಇಲ್ಲದೆ ಯಾವ ರೈತನೂ ಮುಂದೆ ಗಾಡಿ ಹೊಡೆಯಲ್ಲ.

ಚೀಟಿ ಹೊಡೆಯೋದು 9 ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಮೂರು ಪದರದ ಕಂಟಿನ್ಯೂಯಸ್ ಪೇಪರ್, ಒಂದು ಚೀಟಿ 6 ಇಂಚು ಉದ್ದ. ಮೇಲೆ ಕಾಟಾದ ಹೆಸರು ಪ್ರೆಸ್‌ನಲ್ಲೇ ಕನ್ನಡದಲ್ಲಿ ಅಚ್ಚಾಗಿ ಬಂದಿರುತ್ತೆ. ಗಾಡಿ ನಂಬರ್, ಗ್ರಾಸ್, ಟೇರ್, ನೆಟ್ ಇಷ್ಟೇ ನಮ್ಮ ಕೆಲಸ.

ಹಳೇ ಪಿಸಿಯಲ್ಲಿ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಇತ್ತು, ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಪ್ರಿಂಟರಿಗೆ ಕಳಿಸೋ ಸ್ಪೂಲರ್ ಅದರಲ್ಲಿ ಎಲ್‌ಪಿಡಿ. ನನ್ನ ಸೋದರಳಿಯ ಕಾಲೇಜಿನಲ್ಲಿ ಓದುವಾಗ ಹಾಕಿಕೊಟ್ಟಿದ್ದು. ಅವನೀಗ ಊರಲ್ಲಿಲ್ಲ, ಬೈಸಿಕೊಳ್ಳೋಕೂ ಸಿಗಲ್ಲ. ಅದರಲ್ಲಿ ಸುಮಾರು 40 ಸಾಲಿನ ಒಂದು ಶೆಲ್ ಸ್ಕ್ರಿಪ್ಟ್ ಪ್ರಿಂಟ್ ಫಿಲ್ಟರ್ ಆಗಿ, ಅಂದರೆ ಟೆಕ್ಸ್ಟನ್ನು ಪ್ರಿಂಟರಿಗೆ ಬೇಕಾದಂತೆ ತಿದ್ದಿ ಕೊಡೋಕೆ, ಕೂತಿತ್ತು. ಮೊದಲು ಪ್ರಿಂಟರ್ ರೀಸೆಟ್ ಮಾಡುತ್ತೆ, ಪುಟದ ಉದ್ದ 36 ಸಾಲು ಅಂತ ಹೇಳುತ್ತೆ, ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಸೇರಿಸುತ್ತೆ, ನೆಟ್ ತೂಕದ ಸಾಲನ್ನು ಅಗಲ ಅಕ್ಷರ ಮಾಡುತ್ತೆ, ಕೊನೆಗೆ ಫಾರ್ಮ್ ಫೀಡ್. ವರ್ಷಗಟ್ಟಲೆ ಒಂದು ದಿನ ಕೈ ಕೊಟ್ಟಿರಲಿಲ್ಲ.

ದೀಪಾವಳಿ ಮುಂದೆ ಮದರ್‌ಬೋರ್ಡ್ ಹೋಯ್ತು. ಹೊಸ ಪಿಸಿಗೆ ಡೆಬಿಯನ್ ಲಿನಕ್ಸ್ ಹಾಕಿದೆ, ಅದರಲ್ಲಿ ಸ್ಪೂಲರ್ ಕಪ್ಸ್. ಸ್ಕ್ರಿಪ್ಟನ್ನು ಕಪ್ಸ್‌ನ ಫಿಲ್ಟರ್ ಫೋಲ್ಡರಿಗೆ ಹಾಕಿ ಪ್ರಿಂಟರಿನ ವಿವರ ಇರೋ ಪಿಪಿಡಿ ಫೈಲಿನಲ್ಲಿ ಅದರ ಹೆಸರು ಸೇರಿಸಿದೆ. ಮೊದಲು ಪರ್ಮಿಷನ್ 777 ಕೊಟ್ಟಿದ್ದೆ, ಕಪ್ಸ್ ಅದನ್ನು ಮುಟ್ಟಲೇ ಇಲ್ಲ. ಯಾರು ಬೇಕಾದರೂ ತಿದ್ದಬಹುದಾದ ಫಿಲ್ಟರ್ ಅದಕ್ಕೆ ಆಗಲ್ಲವಂತೆ. ರೂಟ್ ಹೆಸರಿಗೆ ಮಾಡಿ 755 ಕೊಟ್ಟೆ, ಓಡಿತು.

ಓಡಿತು ಅಂದರೆ ಹೀಗೆ: ಪೇಪರ್ ಸರಿಯಾಗಿ 6 ಇಂಚು ಮುಂದೆ ಬಂತು, ಚೀಟಿಯಲ್ಲಿ ಒಂದು ಅಕ್ಷರ ಇಲ್ಲ. ಆಮೇಲೆ 'ಫಿಲ್ಟರ್ ಫೇಲ್ಡ್'. ಎರರ್ ಲಾಗ್ ತೆಗೆದು ನೋಡಿದರೆ '41: ಪರ್ಮಿಷನ್ ಡಿನೈಡ್' ಅಂತಿದೆ. ಇನ್ನೊಮ್ಮೆ ಕಳಿಸಿದೆ, '42: ಪರ್ಮಿಷನ್ ಡಿನೈಡ್'. ಈ 41, 42 ಯಾರು? ಕಮಾಂಡ್ ಲೈನ್‌ನಲ್ಲಿ ನಾನೇ ಫೈಲನ್ನು ಪೈಪ್ ಮಾಡಿ ಅದೇ ಸ್ಕ್ರಿಪ್ಟ್ ಓಡಿಸಿ ಸೀದಾ ಪ್ರಿಂಟರಿಗೆ ಬಿಟ್ಟರೆ ಚೀಟಿ ಮುತ್ತಿನಂಗೆ ಬರುತ್ತೆ.

ಸದ್ಯ ಕೈಯಿಂದ ಬರೆದು ಕೊಡ್ತಿದ್ದೇನೆ. ಕೈಬರಹದ ಚೀಟಿ ಅಂದರೆ ರೈತರು ಮುಖ ನೋಡ್ತಾರೆ.

ಗುಮ್ಮಟದ ಹತ್ತಿರ

ಅಣ್ಣಾರ, ಇಷ್ಟಕ್ಕೆ ಕಪ್ಸ್ ಒಳಗೆ ಯಾಕೆ ಇಳಿಯಬೇಕು? ಕಮಾಂಡ್ ಲೈನ್‌ನಲ್ಲಿ ಸರಿ ಬರ್ತಿದೆ ಅಂದ್ರಲ್ಲ, ಅಲ್ಲೇ ಬಿಡಿ. ಸ್ಕ್ರಿಪ್ಟಿನ ಔಟ್‌ಪುಟ್ಟನ್ನು ಎಲ್‌ಪಿ ಕಮಾಂಡಿಗೆ ಪೈಪ್ ಮಾಡಿ, ಹೈಫನ್ ಓ ರಾ ಅಂತ ಕೊಡಿ. ಕಪ್ಸ್ ಏನೂ ಮುಟ್ಟದೆ ಹಾಗೇ ಪ್ರಿಂಟರಿಗೆ ದಾಟಿಸುತ್ತೆ. ವಿಜಯಪುರದಲ್ಲಿ ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಗೇಟ್ ಪಾಸು ಹೀಗೇ ಹೋಗೋದು. ನಾಳೆ ಸ್ಪೂಲರ್ ಬದಲಾದರೂ ಒಂದು ಸಾಲು ತಿದ್ದಿದರೆ ಮುಗೀತು.

ಮುಧೋಳ ಕಾಟಾ

ಆಗಬಹುದಿತ್ತು. ಆದರೆ ಕೌಂಟರಿನಲ್ಲಿ ಒಂದು ವಿಂಡೋಸ್ ಪಿಸಿ ಇದೆ, ಬಿಲ್ಲಿಂಗ್ ಅದರಲ್ಲಿ. ಅದೂ ಇದೇ ಪ್ರಿಂಟರಿಗೆ ನೆಟ್‌ವರ್ಕ್ ಮೇಲೆ ಎಲ್‌ಪಿಆರ್ ಅನ್ನೋ ಕಮಾಂಡಿನಿಂದ ಕಳಿಸುತ್ತೆ. ಅಲ್ಲಿ ಈ ಸ್ಕ್ರಿಪ್ಟ್ ಎಲ್ಲಿಂದ ತರಲಿ? ಫಿಲ್ಟರ್ ಸ್ಪೂಲರ್ ಒಳಗೇ ಕೂರಬೇಕು.

ತಿಳಕವಾಡಿ ಪೆಂಗ್ವಿನ್

ಕಾಕಾ, 41 ಅಂದರೆ ನಿಮ್ಮ ಜಾಬ್ ನಂಬರು. ಸ್ಕ್ರಿಪ್ಟ್ ನೋಡದೇ ಹೇಳ್ತಿದ್ದೇನೆ, ಆದರೂ ಪಂದ್ಯ ಕಟ್ಟೋಕೆ ರೆಡಿ.

ಹಳೇ ಬಿಎಸ್‌ಡಿ ಎಲ್‌ಪಿಡಿ ಫಿಲ್ಟರನ್ನು ಕರೆಯೋ ರೀತಿ ಬೇರೆ. ಹೈಫನ್ ಡಬ್ಲ್ಯೂ ಅಗಲ, ಹೈಫನ್ ಎಲ್ ಉದ್ದ, ಹೈಫನ್ ಐ ಇಂಡೆಂಟ್, ಹೈಫನ್ ಎನ್ ಯೂಸರ್, ಹೈಫನ್ ಎಚ್ ಹೋಸ್ಟ್, ಕೊನೆಗೆ ಅಕೌಂಟಿಂಗ್ ಫೈಲಿನ, ಅಂದರೆ ಯಾರು ಎಷ್ಟು ಪ್ರಿಂಟ್ ಮಾಡಿದರು ಅಂತ ಲೆಕ್ಕ ಬರೆಯೋ ಫೈಲಿನ ಹೆಸರು. ಪ್ರಿಂಟ್ ಮಾಡಬೇಕಾದ ಮಾಲು ಬರೋದು ಮಾತ್ರ ಯಾವಾಗಲೂ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ, ನೀವು ಪೈಪ್ ಮಾಡಿದಾಗ ಬರುತ್ತಲ್ಲ ಹಾಗೆ. ನಿಮ್ಮ ಅಳಿಯ ಹೈಫನ್ ಇರೋದನ್ನೆಲ್ಲ ದಾಟಿ ಉಳಿದ ಮೊದಲನೇದನ್ನು ಅಕೌಂಟಿಂಗ್ ಫೈಲ್ ಅಂತ ಹಿಡಿದು, ಅದರಲ್ಲಿ ಒಂದು ಸಾಲು ಬರೆದಿರ್ತಾರೆ.

ಕಪ್ಸ್ ಹೈಫನ್ ಗಿಫನ್ ಏನೂ ಕೊಡಲ್ಲ. ಸಾಲಾಗಿ ಐದು ಆರ್ಗ್ಯುಮೆಂಟ್ ಕೊಡುತ್ತೆ: ಜಾಬ್ ನಂಬರ್, ಯೂಸರ್, ಟೈಟಲ್, ಎಷ್ಟು ಕಾಪಿ, ಆಪ್ಷನ್‌ಗಳು. ಕೆಲವೊಮ್ಮೆ ಆರನೇದಾಗಿ ಫೈಲಿನ ಹೆಸರು. ಇದು ಕಪ್ಸ್‌ನವರು ಹೊಸದಾಗಿ ಹುಡುಕಿದ್ದೇನಲ್ಲ, ಹಳೇ ಸಿಸ್ಟಮ್ ಫೈವ್ ಯುನಿಕ್ಸ್‌ನ ಎಲ್‌ಪಿಯಲ್ಲಿ ಇಂಟರ್‌ಫೇಸ್ ಸ್ಕ್ರಿಪ್ಟಿಗೆ ಕೊಡುತ್ತಿದ್ದ ಕ್ರಮವೇ. ಹಾಗಾಗಿ ನಿಮ್ಮ ಸ್ಕ್ರಿಪ್ಟಿಗೆ ಮೊದಲು ಕಂಡದ್ದು 41. ಅದನ್ನೇ ಅಕೌಂಟಿಂಗ್ ಫೈಲ್ ಅಂದುಕೊಂಡು ಬರೆಯಲು ಹೋಯ್ತು. ಫಿಲ್ಟರ್ ಓಡೋದು ಎಲ್‌ಪಿ ಅನ್ನೋ ಬಡ ಯೂಸರ್ ಹೆಸರಲ್ಲಿ. ಅದಕ್ಕೆ ಎಲ್ಲಿ ಬರೆಯೋ ಹಕ್ಕಿದೆ? ಬಿತ್ತು.

ಚೀಟಿ ಖಾಲಿ ಬಂದದ್ದಕ್ಕೆ ಕಾರಣ ಆರನೇ ಆರ್ಗ್ಯುಮೆಂಟ್. ಸರಪಳಿಯಲ್ಲಿ ಮೊದಲ ಫಿಲ್ಟರ್ ನಿಮ್ಮದೇ ಆದಾಗ ಕಪ್ಸ್ ಫೈಲಿನ ಹೆಸರು ಕೊಟ್ಟು 'ನೀನೇ ತೆರೆದು ಓದಿಕೋ' ಅನ್ನುತ್ತೆ. ಸ್ಟ್ಯಾಂಡರ್ಡ್ ಇನ್‌ಪುಟ್ ಆಗ ಖಾಲಿ. ನಿಮ್ಮ ಸ್ಕ್ರಿಪ್ಟ್ ರೀಸೆಟ್ ಕಳಿಸಿತು, 36 ಸಾಲು ಅಂದಿತು, ಇನ್‌ಪುಟ್‌ನಲ್ಲಿ ಏನೂ ಸಿಗಲಿಲ್ಲ, ಫಾರ್ಮ್ ಫೀಡ್ ಹೊಡೆಯಿತು. ಅದಕ್ಕೇ ಪೇಪರ್ ಅಷ್ಟು ಶಿಸ್ತಾಗಿ 6 ಇಂಚು ಬಂದಿದ್ದು.

ಏನು ಮಾಡಬೇಕು ಅಂದರೆ, ಸ್ಕ್ರಿಪ್ಟನ್ನು ಎರಡು ಮಾಡಿ. ಚೀಟಿ ಮಾಡೋ ಭಾಗಕ್ಕೆ ಸ್ಪೂಲರ್ ಅಂದರೆ ಏನು ಅಂತಲೇ ಗೊತ್ತಿರಬಾರದು. ಒಳಗೆ ಟೆಕ್ಸ್ಟ್, ಹೊರಗೆ ಪ್ರಿಂಟರ್ ಕೋಡು, ಅಷ್ಟೇ. ಅದರ ಮೇಲೆ ನಾಲ್ಕೈದು ಸಾಲಿನ ಒಂದು ಹೊದಿಕೆ ಸ್ಕ್ರಿಪ್ಟ್. ಫೋನಿನಲ್ಲಿದ್ದೇನೆ, ಕನ್ನಡ ಕೀಬೋರ್ಡು, ಬಾಯಲ್ಲೇ ಹೇಳ್ತೀನಿ: ಕಪ್ಸ್‌_ಸರ್ವರ್‌ರೂಟ್ ಅನ್ನೋ ಎನ್ವಿರಾನ್ಮೆಂಟ್ ವೇರಿಯೇಬಲ್ ಇದ್ದರೆ ಕರೆದದ್ದು ಕಪ್ಸ್. ಆಗ ಆರನೇ ಆರ್ಗ್ಯುಮೆಂಟ್ ಇದ್ದರೆ ಆ ಫೈಲು, ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಇನ್‌ಪುಟ್. ಆ ವೇರಿಯೇಬಲ್ ಇಲ್ಲದಿದ್ದರೆ ಹಳೇ ಎಲ್‌ಪಿಡಿ ದಾರಿ. ಎಲ್‌ಪಿಆರ್‌ಎನ್‌ಜಿ ಅನ್ನೋ ಇನ್ನೊಂದು ಸ್ಪೂಲರ್ ಆದರೆ ಪ್ರಿಂಟ್‌ಕ್ಯಾಪ್_ಎಂಟ್ರಿ ಅಂತ ಒಂದು ವೇರಿಯೇಬಲ್ ಇರುತ್ತೆ, ನಿಮಗೆ ಬೇಡ ಬಿಡಿ.

ಫೂಮ್ಯಾಟಿಕ್-ರಿಪ್ ಅನ್ನೋ ರೆಡಿಮೇಡ್ ಫಿಲ್ಟರಿನ ಹಳೇ ಆವೃತ್ತಿಗಳು ಮಾಡ್ತಿದ್ದದ್ದೂ ಇದನ್ನೇ. ಒಂದೇ ಪ್ರೋಗ್ರಾಂ, ಯಾರು ಕರೆದರು ಅಂತ ಮೂಸಿ ನೋಡಿ ಹಾಗೆ ನಡೀತಿತ್ತು. ಸ್ಪೂಲರ್ ಇಲ್ಲದೆಯೂ ಓಡ್ತಿತ್ತು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಕಳ್ಳಬುದ್ಧಿ ಒಂದಿತ್ತು. ಬಿಎಸ್‌ಡಿ ಎಲ್‌ಪಿಡಿಯಲ್ಲಿ ಫಿಲ್ಟರಿಗೆ ಪಿಪಿಡಿ ಎಲ್ಲಿದೆ ಅಂತ ಹೇಳೋಕೆ ದಾರಿಯೇ ಇಲ್ಲ. ಅದಕ್ಕೆ ಎಲ್‌ಪಿಡಿಯ ಸೆಟ್ಟಿಂಗ್ ಫೈಲಾದ ಪ್ರಿಂಟ್‌ಕ್ಯಾಪ್‌ನಲ್ಲಿ ಅಕೌಂಟಿಂಗ್ ಫೈಲಿನ ಜಾಗದಲ್ಲಿ ಪಿಪಿಡಿಯ ಪಾತ್ ಬರೆಯಿಸ್ತಿದ್ದರು! ಲೆಕ್ಕದ ಪುಸ್ತಕದ ಹೆಸರಲ್ಲಿ ಪಿಪಿಡಿ ಒಳಗೆ ಬರ್ತಿತ್ತು.

ಇನ್ನೊಂದು ಮಾತು, ಎಕ್ಸಿಟ್ ಕೋಡ್ ಬಗ್ಗೆ. ಎಲ್‌ಪಿಡಿಯಲ್ಲಿ 0 ಅಂದರೆ ಆಯ್ತು, 1 ಅಂದರೆ ಮತ್ತೆ ಪ್ರಯತ್ನಿಸು, 2 ಅಂದರೆ ಬಿಸಾಕು. ಕಪ್ಸ್‌ನಲ್ಲಿ ಫಿಲ್ಟರ್ 0 ಬಿಟ್ಟು ಏನು ಕೊಟ್ಟರೂ ತಪ್ಪೇ. ಖಾನಾಪುರ ರೋಡಿನ ಒಂದು ಗೋಡೌನಿಗೆ ನಾನು ಬರೆದುಕೊಟ್ಟ ಫಿಲ್ಟರ್ ಒಂದು ಶನಿವಾರ ಡಿಸ್ಕ್ ತುಂಬಿ ಕೊನೇ ಸಾಲಿನಲ್ಲಿ 1 ಕೊಟ್ಟಿತು. ಹಳೇ ಎಲ್‌ಪಿಡಿ. ಸೋಮವಾರ ಬಾಗಿಲು ತೆಗೆದರೆ ಒಂದೇ ಡೆಲಿವರಿ ಚಲನ್, ಮತ್ತೆ ಮತ್ತೆ ಹೊಡೆದಿತ್ತು. ಪೇಪರ್ ದುಡ್ಡು ನನ್ನ ತಲೆಗೇ ಬಂತು.

ಮುಧೋಳ ಕಾಟಾ

ತಮ್ಮಾ, ಪಂದ್ಯ ನೀವೇ ಗೆದ್ದಿರಿ. ಆರನೇ ಆರ್ಗ್ಯುಮೆಂಟ್ ನೋಡೋ ಸಾಲು ಸೇರಿಸಿದೆ, ಅಕೌಂಟಿಂಗ್ ಸಾಲು ತೆಗೆದೆ. ರಾತ್ರಿ ಹನ್ನೊಂದಕ್ಕೆ ಮೊದಲ ಚೀಟಿ ಬಂತು. ಗ್ರಾಸ್ 27,460, ಟೇರ್ 7,180, ನೆಟ್ 20,280 ಅಗಲ ಅಕ್ಷರದಲ್ಲಿ. ಡ್ರೈವರ್ ಹುಡುಗ ಏನೂ ಅನ್ನಲಿಲ್ಲ, ಹರಿದುಕೊಂಡು ಹೋದ. ನಾನೊಬ್ಬನೇ ಖುಷಿ ಪಟ್ಟೆ.

ಆದರೆ ಈಗ ಕೌಂಟರಿನ ಕಿರಿಕಿರಿ ಶುರು. ವಿಂಡೋಸ್ ಪಿಸಿಯ ಎಲ್‌ಪಿಆರ್‌ನಿಂದ ಬರೋದನ್ನು ಕಪ್ಸ್‌ಗೆ ದಾಟಿಸೋ ಕಪ್ಸ್-ಎಲ್‌ಪಿಡಿ ಹಾಕಿದೆ, 515ನೇ ಪೋರ್ಟ್‌ನಲ್ಲಿ ಕೂತಿದೆ, ಪ್ರಿಂಟ್ ಬರುತ್ತೆ. ಆದರೆ ಒಂದೇ ಚೀಟಿಯಲ್ಲಿ ಎರಡು ಗಾಡಿ! ಮೊದಲನೆಯವನ ನೆಟ್ ಆದ ಮೇಲೆ ಪೇಪರ್ ಅಲ್ಲೇ ನಿಲ್ಲುತ್ತೆ, ಮುಂದಿನವನದು ಅದರ ಕೆಳಗೇ ಹೊಡೆಯುತ್ತೆ. ಅಗಲ ಅಕ್ಷರವೂ ಇಲ್ಲ. ಡೆಬಿಯನ್‌ನಿಂದಲೇ ಕಳಿಸಿದರೆ ಸರಿ. ಹಳೇ ಪೆಟ್ಟಿಗೆಯಲ್ಲಿ ಇದೇ ವಿಂಡೋಸ್, ಇದೇ ಬಿಲ್ಲಿಂಗ್, ಏನೂ ತೊಂದರೆ ಇರಲಿಲ್ಲ.

ನವನಗರ ಸೆಕ್ಟರ್

ಕಾಟಾ ಸರ್, ಬಿಲ್ಲಿಂಗ್ ಪ್ರೋಗ್ರಾಂ ಎಲ್‌ಪಿಆರ್ ಕಮಾಂಡನ್ನು ಯಾವುದಾದರೂ ಬ್ಯಾಚ್ ಫೈಲಿನಿಂದ ಕರೀತಿದೆಯಾ? ಅದರಲ್ಲಿ ಹೈಫನ್ ಓ ಎಲ್ ಇದೆಯಾ ನೋಡಿ.

ಮುಧೋಳ ಕಾಟಾ

ಇದೆ ಮೇಡಂ! ನೀವು ಬಾಗಲಕೋಟೆಯಲ್ಲಿ ಕೂತು ನಮ್ಮ ಕೌಂಟರ್ ನೋಡ್ತಿದ್ದೀರಾ?

ನವನಗರ ಸೆಕ್ಟರ್

ನಮ್ಮ ಆಫೀಸಿನಲ್ಲೂ ಇದೇ ಆಗಿತ್ತು ಸರ್, ಎರಡು ದಿನ ತಿಂದಿತ್ತು. ಹೈಫನ್ ಓ ಎಲ್ ಅಂದರೆ 'ಇದರಲ್ಲಿರೋ ಕಂಟ್ರೋಲ್ ಅಕ್ಷರಗಳನ್ನು ಹಾಗೇ ಬಿಡು' ಅಂತ. ಹಳೇ ಬಿಎಸ್‌ಡಿ ಎಲ್‌ಪಿಡಿ ಆಗಲೂ ಫಿಲ್ಟರನ್ನು ಓಡಿಸುತ್ತಿತ್ತು, ಜೊತೆಗೆ ಹೈಫನ್ ಸಿ ಅಂತ ಒಂದು ಸೂಚನೆ ಕೊಡ್ತಿತ್ತು ಅಷ್ಟೇ. ನಿಮ್ಮ ಅಳಿಯ ಹೈಫನ್ ಸಿ ಬಂದರೂ ಲೆಕ್ಕಕ್ಕೆ ತಗೊಂಡಿರಲ್ಲ, ಆದ್ದರಿಂದ ಇಷ್ಟು ವರ್ಷ ನಡೀತು. ಕಪ್ಸ್-ಎಲ್‌ಪಿಡಿ ಅದೇ ಎಲ್ ನೋಡಿದರೆ ಇದು ರಾ ಜಾಬ್ ಅಂದುಕೊಳ್ಳುತ್ತೆ, ಯಾವ ಫಿಲ್ಟರೂ ಓಡಲ್ಲ. ಒಂದೇ ಅಕ್ಷರ, ಅರ್ಥ ಬೇರೆ. ವಿಂಡೋಸ್‌ನ ಟೆಕ್ಸ್ಟ್‌ನಲ್ಲಿ ಕ್ಯಾರೇಜ್ ರಿಟರ್ನ್ ಮೊದಲೇ ಇರೋದರಿಂದ ಸಾಲು ಮೆಟ್ಟಿಲು ಮೆಟ್ಟಿಲಾಗಿ ಬೀಳಲಿಲ್ಲ. ಬಿದ್ದಿದ್ದರೆ ಬೇಗ ಗೊತ್ತಾಗ್ತಿತ್ತು.

ಬ್ಯಾಚ್ ಫೈಲಿನಲ್ಲಿ ಆ ಹೈಫನ್ ಓ ಎಲ್ ತೆಗೆದುಬಿಡಿ. ಅದು ಬೇರೆಯವರ ಕೈಯಲ್ಲಿದ್ದು ತೆಗೆಯೋಕೆ ಆಗದಿದ್ದರೆ, ಕಪ್ಸ್-ಎಲ್‌ಪಿಡಿಯನ್ನೇ ಡಾಕ್ಯುಮೆಂಟ್-ಫಾರ್ಮ್ಯಾಟ್ ಅಪ್ಲಿಕೇಶನ್ ಸ್ಲ್ಯಾಶ್ ಆಕ್ಟೆಟ್-ಸ್ಟ್ರೀಮ್ ಅನ್ನೋ ಆಪ್ಷನ್ ಕೊಟ್ಟು ಓಡಿಸಿ. ಆಗ ಎಲ್ ಬಂದರೂ ಕಪ್ಸ್ ತಾನೇ ಫೈಲ್ ಯಾವ ಥರದ್ದು ನೋಡಿ ಫಿಲ್ಟರಿಗೆ ಕಳಿಸುತ್ತೆ. ಇನ್ನೊಂದು, ಕಪ್ಸ್‌ನಲ್ಲಿ ಯಾರಿಗೆ ಬಿಡಬೇಕು ಬಿಡಬಾರದು ಅಂತ ನೀವು ಬರೆದಿರೋದು ಕಪ್ಸ್-ಎಲ್‌ಪಿಡಿಗೆ ಅನ್ವಯಿಸಲ್ಲ. 515 ಹೊರಗಿನ ನೆಟ್‌ಗೆ ಕಾಣದಂತೆ ಫೈರ್‌ವಾಲ್ ಹಾಕಿ.

ತಿಳಕವಾಡಿ ಪೆಂಗ್ವಿನ್

ಮೇಡಂ, ಈ ಎಲ್ ವಿಷಯ ನನಗೂ ಗೊತ್ತಿರಲಿಲ್ಲ. ಬರೆದಿಟ್ಟುಕೊಂಡೆ.

ಕಾಕಾ, ತೆಗೆದುಹಾಕಿದ ಅಕೌಂಟಿಂಗ್ ಸಾಲಿನ ಬದಲು ಒಂದು ಹಾಕಿ. ಫಿಲ್ಟರ್ ಸ್ಟ್ಯಾಂಡರ್ಡ್ ಎರರ್‌ಗೆ 'ಪೇಜ್: 1 1' ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಬೇಕು, ಕಪ್ಸ್‌ನ ಸೆಟ್ಟಿಂಗ್‌ನಲ್ಲಿ ಪೇಜ್‌ಲಾಗ್‌ಫಾರ್ಮ್ಯಾಟ್ ಖಾಲಿ ಇದ್ದರೆ ಅದನ್ನೂ ತುಂಬಿ, ಆಗ ಕಪ್ಸ್ ತಾನೇ ಪೇಜ್ ಲಾಗ್‌ಗೆ ಸೇರಿಸುತ್ತೆ. ದಿನಕ್ಕೆ ಎಷ್ಟು ಚೀಟಿ ಹೋಯ್ತು ಅಂತ ಲೆಕ್ಕ ಸಿಗುತ್ತೆ.

ಮುಧೋಳ ಕಾಟಾ

ಹೈಫನ್ ಓ ಎಲ್ ತೆಗೆದೆ, ಒಂದು ಗಾಡಿಗೆ ಒಂದು ಚೀಟಿ. ಪೇಜ್ ಲಾಗೂ ಬರ್ತಿದೆ. ನಿನ್ನೆ ರಾತ್ರಿ ಲಾಗ್‌ನಲ್ಲಿ 63, ಗಲ್ಲಾದಲ್ಲಿ 61 ಗಾಡಿಯ ದುಡ್ಡು. ಪ್ರಿಂಟರ್ ಸರಿಯಾಗಿದೆ, ಈಗ ನನ್ನ ಮೈದುನನ ಹತ್ತಿರ ಮಾತಾಡಬೇಕು.