ಪದಚರ್ಚೆ: ಲೆಡ್ಡಿಂಗ್, ಗಟರ್, ಮಾರ್ಜಿನ್ – ಪುಟದ ಖಾಲಿ ಜಾಗಗಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಪುಸ್ತಕ ಮತ್ತು ಪತ್ರಿಕೆಗಳ ಪುಟವಿನ್ಯಾಸದ ಬಗ್ಗೆ ಹೊಸಬರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅಚ್ಚಾಗುವ ಭಾಗಕ್ಕೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಮುಖಪುಟ, ಬೆನ್ನುಡಿ, ಪರಿವಿಡಿ, ತಲೆಬರಹ, ಅಡಿಟಿಪ್ಪಣಿ, ಸಾಲು – ಎಲ್ಲವೂ ಚೆನ್ನಾಗಿ ಓಡಾಡುವ ಮಾತುಗಳು. ತೊಡಕು ಬರುವುದು ಅಚ್ಚಾಗದ ಭಾಗದಲ್ಲಿ. ಸಾಲು ಸಾಲಿನ ನಡುವೆ ಬಿಡುವ ಜಾಗ, ಎರಡು ಕಾಲಂಗಳ ನಡುವಿನ ಜಾಗ, ಪುಸ್ತಕ ಬಿಚ್ಚಿದಾಗ ಹೊಲಿಗೆಯ ಹತ್ತಿರ ಕಾಣುವ ಜಾಗ, ಪುಟದ ನಾಲ್ಕೂ ಕಡೆಯ ಜಾಗ. ಡಿಟಿಪಿ ಅಂಗಡಿಯಲ್ಲಿ ಇವಕ್ಕೆಲ್ಲ ಇಂಗ್ಲಿಷ್ ಹೆಸರು, ಇಲ್ಲವೇ ಎಲ್ಲಕ್ಕೂ ಸೇರಿಸಿ ಒಂದೇ ಮಾತು: 'ಗ್ಯಾಪ್'. 'ಸ್ವಲ್ಪ ಗ್ಯಾಪ್ ಜಾಸ್ತಿ ಕೊಡಿ' ಅಂದರೆ ಯಾವ ಗ್ಯಾಪು ಅಂತ ಆಪರೇಟರು ತಿರುಗಿ ಕೇಳಲೇಬೇಕು.

ಬರೀ ಹೆಸರಿನ ತಕರಾರು ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಪುಟವಿನ್ಯಾಸದ ಮುಕ್ಕಾಲು ಕೆಲಸ ನಡೆಯುವುದೇ ಈ ಖಾಲಿ ಜಾಗಗಳಲ್ಲಿ. ಅಕ್ಷರದ ಆಕಾರವನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ಎಲ್ಲಿ ಎಷ್ಟು ಜಾಗ ಬಿಡಬೇಕು ಅನ್ನುವುದು ಮಾತ್ರ ಪುಟ ಕಟ್ಟುವವರ ಕೈಯಲ್ಲಿರುತ್ತದೆ. ಹೆಸರೇ ಇಲ್ಲದಿದ್ದರೆ ಹೊಸಬರಿಗೆ ಅದನ್ನು ಹೇಳಿಕೊಡುವುದು ಹೇಗೆ?

ಮೊದಲು ಲೆಡ್ಡಿಂಗ್, ಅಂದರೆ ಸಾಲುಗಳ ನಡುವಿನ ಜಾಗ. ಇದನ್ನು ತುಂಬಾ ಜನ 'ಲೀಡಿಂಗ್' ಎಂದು ಓದುತ್ತಾರೆ. ಮುಂದಾಳುತನಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿರುವುದು ಲೆಡ್, ಅಂದರೆ ಸೀಸ. ಅಚ್ಚುಮೊಳೆ, ಅಂದರೆ ಲೋಹದ ಒಂದೊಂದು ಅಕ್ಷರ ಜೋಡಿಸುವ ಕಾಲದಲ್ಲಿ ಒಂದು ಸಾಲು ಮುಗಿದ ಮೇಲೆ, ಮುಂದಿನ ಸಾಲು ಶುರು ಮಾಡುವ ಮುಂಚೆ, ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. 2 ಪಾಯಿಂಟ್ ದಪ್ಪದ ಪಟ್ಟಿ ಹೆಚ್ಚು ಬಳಕೆಯಲ್ಲಿತ್ತು. ಹೆಚ್ಚುಕಡಿಮೆ 72 ಪಾಯಿಂಟಿಗೆ ಒಂದು ಇಂಚು. ಪಟ್ಟಿ ಇಟ್ಟರೆ ಸಾಲುಗಳು ಉಸಿರಾಡುತ್ತವೆ, ತೆಗೆದರೆ ಒತ್ತಿಕೊಳ್ಳುತ್ತವೆ.

ಇದರಲ್ಲಿ ನನಗೆ ತುಂಬಾ ಹಿಡಿಸುವ ಸಂಗತಿ ಒಂದಿದೆ. ಆಗ ಖಾಲಿ ಜಾಗವೂ ಕೈಯಲ್ಲಿ ಹಿಡಿಯುವ ವಸ್ತುವಾಗಿತ್ತು. ಪದಗಳ ನಡುವೆ ಸ್ಪೇಸು, ಪ್ಯಾರಾದ ಕೊನೆಯ ಸಾಲು ತುಂಬಿಸಲು ಕ್ವಾಡು, ಸಾಲುಗಳ ನಡುವೆ ಲೆಡ್ಡು, ಪುಟದ ಸುತ್ತ ಮರದ್ದೋ ಲೋಹದ್ದೋ 'ಫರ್ನಿಚರ್'. ಎಲ್ಲಕ್ಕೂ ತೂಕವಿತ್ತು, ಅಳತೆಯಿತ್ತು, ಕೇಸಿನಲ್ಲಿ ಒಂದು ಮನೆಯಿತ್ತು. ಇವು ಅಕ್ಷರದ ಮೊಳೆಗಿಂತ ಗಿಡ್ಡ, ಅದಕ್ಕೇ ಮಸಿಯ ರೋಲರು ಇವನ್ನು ಮುಟ್ಟುತ್ತಿರಲಿಲ್ಲ. ಕಟ್ಟು ಸಡಿಲವಾದರೆ ಮಾತ್ರ ಒಂದೊಂದು ಸ್ಪೇಸು ಮೆಲ್ಲಗೆ ಮೇಲೆ ಬರುತ್ತಿತ್ತು. ಮನೆಯಲ್ಲಿ ಮೊಳೆ ಜೋಡಿಸಿ ಅಚ್ಚು ಮಾಡಿದ ಹಳೆಯ ಪುಸ್ತಕಗಳಿದ್ದರೆ ಹುಡುಕಿ ನೋಡಿ. ಎರಡು ಪದಗಳ ನಡುವೆ, ಏನೂ ಇರಬಾರದ ಕಡೆ, ಪುಟ್ಟ ಕಪ್ಪು ಪಟ್ಟಿ ಬಿದ್ದಿರುತ್ತದೆ. ಓದುವವರು ಅದನ್ನು ಮಸಿ ಚೆಲ್ಲಿದ ಕಲೆ ಅಂದುಕೊಳ್ಳುತ್ತಾರೆ. ಅದು ಖಾಲಿ ಜಾಗದ ತಲೆ.

ಈ ಸಾಲಿನ ಲೆಕ್ಕಾಚಾರ ಯುರೋಪಿನಲ್ಲಿ ಮೊಳೆ ಜೋಡಿಸಿ ಅಚ್ಚು ಮಾಡಿದ ಮೊದಲ ದೊಡ್ಡ ಪುಸ್ತಕದಿಂದಲೇ ಶುರುವಾಗಿದೆ. ಜರ್ಮನಿಯ ಮೈಂಜ್ ಊರಿನಲ್ಲಿ 1455ರ ಹೊತ್ತಿಗೆ ಗುಟೆನ್‌ಬರ್ಗ್ ಮುಗಿಸಿದ ಬೈಬಲ್ಲಿಗೆ '42 ಸಾಲಿನ ಬೈಬಲ್' ಎಂದೇ ಹೆಸರು. ಆದರೆ ಅದರ ಮೊದಲ ಕೆಲವು ಪುಟಗಳಲ್ಲಿ ಒಂದೊಂದು ಕಾಲಮ್ಮಿಗೆ 40 ಸಾಲುಗಳಷ್ಟೇ ಇವೆ. ಆಮೇಲೆ ಒಂದು ಕಡೆ 41, ಅಲ್ಲಿಂದ ಮುಂದೆ 42. ಅಕ್ಷರ ತುಂಬಿದ ಭಾಗದ ಎತ್ತರ ಬದಲಾಗಿಲ್ಲ. ಸಾಲುಗಳ ನಡುವಿನ ಜಾಗವನ್ನು ಕಿರಿದು ಮಾಡಿ ಎರಡು ಸಾಲು ಜಾಸ್ತಿ ತುರುಕಿದ್ದಾರೆ. ಕಾಗದ ಉಳಿಸಲು ಹೀಗೆ ಮಾಡಿರಬೇಕು ಎನ್ನುತ್ತಾರೆ. ಒಂದು ಪ್ರತಿಗೆ ಸುಮಾರು 1,280 ಪುಟ, ಅಂಥ ಪ್ರತಿಗಳು 150ಕ್ಕೂ ಹೆಚ್ಚು. ಎರಡು ಸಾಲಿನ ಉಳಿತಾಯ ಎಷ್ಟಾಯಿತು ನೋಡಿ! ಈಗಲೂ ಪುಸ್ತಕ ಒಂದು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪು) ಮೀರುತ್ತದೆ ಅನ್ನಿಸಿದಾಗ ಪ್ರಕಾಶಕರು ಮೊದಲು ಕೈ ಹಾಕುವುದು ಇಲ್ಲಿಗೇ. ಅಷ್ಟು ಒತ್ತಿದರೂ ಆ ಬೈಬಲ್ ಓದಲು ಸುಲಭವಾಗಿಯೇ ಇತ್ತು. ಮುಂದೆ ಪೋಪ್ ಆದ ಪಿಕೊಲೊಮಿನಿ, ಕನ್ನಡಕವಿಲ್ಲದೆ ಓದಬಹುದು ಎಂದು 1455ರ ಒಂದು ಕಾಗದದಲ್ಲಿ ಹೊಗಳಿದ್ದಾನೆ.

ಕನ್ನಡಕ್ಕೆ ಈ ಜಾಗ ಇಂಗ್ಲಿಷಿಗಿಂತ ಜಾಸ್ತಿ ಬೇಕು. ಮೇಲಿನ ಸಾಲಿನಲ್ಲಿ 'ರಾಷ್ಟ್ರ' ಬಂತು, ಅದರ ಸರಿಯಾಗಿ ಕೆಳಗೆ 'ಕೀರ್ತಿ' ಬಂತು ಅಂತಿಟ್ಟುಕೊಳ್ಳಿ. ಮೇಲಿನಿಂದ ಟ ಒತ್ತು, ಅದಕ್ಕಂಟಿದ ರ ಒತ್ತು ಕೆಳಗೆ ಇಳಿದಿರುತ್ತವೆ. ಕೆಳಗಿನಿಂದ 'ಕೀ'ಯ ಗುಡಿಸು ಮೇಲೆ ಏರಿರುತ್ತದೆ. ಪುಟ ಕಟ್ಟುವ ಸಾಫ್ಟ್‌ವೇರು ತಾನಾಗಿ ಕೊಡುವುದು ಅಕ್ಷರದ ಅಳತೆಯ 120%. ಅದು ರೋಮನ್ ಲಿಪಿಗೆ ಹೊಂದುವ ಲೆಕ್ಕ. ಕನ್ನಡದಲ್ಲಿ ಅದನ್ನು ಹಾಗೇ ಬಿಟ್ಟರೆ ಎಷ್ಟೋ ಫಾಂಟುಗಳಲ್ಲಿ ಒತ್ತು ಹೋಗಿ ಗುಡಿಸಿಗೆ ಬಡಿಯುತ್ತದೆ. ನಾನು 12 ಪಾಯಿಂಟ್ ಅಕ್ಷರಕ್ಕೆ 17ರಿಂದ 18 ಇಡುತ್ತೇನೆ. ಫಾಂಟು ನೋಡಿಕೊಂಡು ಹೆಚ್ಚುಕಡಿಮೆ ಮಾಡಬೇಕು.

ಪದದ ತೊಡಕು ಇರುವುದು ಇಲ್ಲೇ. ಮೊಳೆ ಜೋಡಿಸುವವರಿಗೆ ಲೆಡ್ಡಿಂಗ್ ಅಂದರೆ ನಡುವೆ ಹೆಚ್ಚುವರಿಯಾಗಿ ಸೇರಿಸಿದ ಪಟ್ಟಿ ಮಾತ್ರ. 12 ಪಾಯಿಂಟಿನ ಮೊಳೆಗೆ 2 ಪಾಯಿಂಟಿನ ಪಟ್ಟಿ ಇಟ್ಟರೆ ಅವರ ಲೆಕ್ಕದಲ್ಲಿ ಲೆಡ್ಡಿಂಗ್ 2. ಕಂಪ್ಯೂಟರಿನಲ್ಲಿ ಅದೇ ಪುಟಕ್ಕೆ ಲೆಡ್ಡಿಂಗ್ 14. ಒಂದು ಸಾಲಿನ ಅಡಿಗೆರೆಯಿಂದ (ಅಕ್ಷರಗಳು ಕೂರುವ ಗೆರೆ) ಮುಂದಿನ ಸಾಲಿನ ಅಡಿಗೆರೆಯವರೆಗೆ ಪೂರ್ತಿ ಅಳೆಯುತ್ತದೆ ಅದು. ಹೆಸರು ಒಂದೇ, ಅಳತೆ ಎರಡು. ಸಾಮಾನ್ಯವಾಗಿ ಸೂಚಿಸುವ 'ಸಾಲಂತರ' ನನಗೆ ಎರಡನೆಯದಕ್ಕೆ ಸರಿ ಅನ್ನಿಸುತ್ತದೆ. ಅಂತರ ಅಂದಾಗ ಇಲ್ಲಿಂದ ಅಲ್ಲಿಗೆ ಎಂಬ ಅಳತೆ ಬರುತ್ತದೆ ಅಲ್ವಾ? ಮೊದಲನೆಯದಕ್ಕೆ 'ಸಾಲುಬಿಡುವು' ಎಂದರೆ ಹೇಗೆ? ಮಾರ್ಜಿನ್ ಬಿಡು, ಒಂದು ಸಾಲು ಬಿಡು, ಜಾಗ ಬಿಟ್ಟು ಬರಿ – ಶಾಲೆಯಿಂದಲೂ ನಾವು ಬಳಸುವ ಕ್ರಿಯಾಪದ 'ಬಿಡು' ತಾನೇ? 'ತೆರಪು' ಕೂಡ ಒಳ್ಳೆಯ ಪದ. ಆದರೆ 'ಸಾಲ್ದೆರಪು' ಅಂತ ಸಂಧಿ ಮಾಡಿದರೆ ಯಾವ ಆಪರೇಟರೂ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನು ಅಂಕಣ, ಅಂದರೆ ಪುಟದ ಕಾಲಂ. ಈ ಪದವನ್ನು ಮೊದಲು ಪುಟಕ್ಕೆ ತಂದವರಿಗೆ ಕೈ ಮುಗಿಯಬೇಕು. ಅಂಕಣ ಎಂದರೆ ಮನೆಯಲ್ಲಿ ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಿನ ಜಾಗ. 'ಐದಂಕಣದ ಮನೆ', 'ಏಳಂಕಣದ ಮನೆ' ಎಂದು ಹಳ್ಳಿಗಳಲ್ಲಿ ಮನೆಯ ಅಳತೆ ಹೇಳುತ್ತಿದ್ದರು. ಇಂಗ್ಲಿಷಿನ ಕಾಲಂ ಲ್ಯಾಟಿನ್ನಿನಿಂದ ಬಂದದ್ದು, ಅಲ್ಲಿ ಅದರ ಅರ್ಥ ಕಂಬ. ಅವರಿಗೆ ಅಕ್ಷರಗಳ ಉದ್ದ ಪಟ್ಟಿಯೇ ಕಂಬವಾಗಿ ಕಂಡಿತು. ನಮ್ಮ ಪದದ ಪ್ರಕಾರ ಅಕ್ಷರಗಳು ವಾಸ ಮಾಡುವುದು ಕಂಬಗಳ ನಡುವೆ. ಹಾಗಾದರೆ ಎರಡು ಅಂಕಣಗಳ ನಡುವಿನ ಖಾಲಿ ಪಟ್ಟಿಯೇ ಕಂಬ! ಹಳೆಯ ಪತ್ರಿಕೆಗಳು ಅಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದವು, ಅದನ್ನು ಕಂಬ ಎನ್ನಲು ಅಡ್ಡಿಯಿಲ್ಲ.

ಆದರೆ ಬಳಕೆ ಬೇರೆ ಕಡೆ ಹೋಗಿದೆ. ಈಗ ಅಂಕಣ ಎಂದರೆ ವಾರ ವಾರ ಒಬ್ಬರೇ ಬರೆಯುವ ಬರಹ, ಬರೆಯುವವರು ಅಂಕಣಕಾರರು. ಪುಟದ ಮೇಲಿನ ಉದ್ದ ಪಟ್ಟಿಗೆ ಪತ್ರಿಕಾ ಕಚೇರಿಯಲ್ಲಿ 'ಕಾಲಂ' ಅಂತಲೇ ಹೇಳುತ್ತಾರೆ: ಸಿಂಗಲ್ ಕಾಲಂ ಸುದ್ದಿ, ಮೂರು ಕಾಲಂ ಫೋಟೊ. ಕೈಪಿಡಿಯಲ್ಲಿ 'ಎರಡು ಅಂಕಣದ ಪುಟ' ಎಂದು ಬರೆದರೆ ಹೊಸಬರು ಇಬ್ಬರು ಅಂಕಣಕಾರರ ಬರಹ ಎಂದುಕೊಂಡಾರೇ? ಸಂದರ್ಭದಿಂದ ತಿಳಿಯುತ್ತದೆ ಅನ್ನುವುದು ನನ್ನ ಅಂದಾಜು.

ನಡುವಿನ ಜಾಗಕ್ಕೆ ಇಂಗ್ಲಿಷಿನಲ್ಲಿ ಗಟರ್. ಉತ್ತರ ಕರ್ನಾಟಕದವರ ಮುಂದೆ ಈ ಪದ ಹೇಳಿದರೆ ಗಟಾರ ನೆನಪಾಗಿ ನಗುತ್ತಾರೆ. ಇಂಗ್ಲಿಷಿನಲ್ಲೂ ಅದೇ ಅರ್ಥ ಬಿಡಿ. ಇದಕ್ಕೂ ಎರಡು ಕೆಲಸ: ಅಂಕಣಗಳ ನಡುವಿನ ಜಾಗ, ಮತ್ತು ಎದುರುಬದುರು ಪುಟಗಳು ಹೊಲಿಗೆಯಲ್ಲಿ ಸೇರುವ ಜಾಗ. ಮೊದಲನೆಯದಕ್ಕೆ 'ಸಂದಿ' ಚೆನ್ನ. ಎರಡು ಮನೆಗಳ ನಡುವಿನ ಕಿರಿದಾದ ದಾರಿಗೂ ಸಂದಿ ಎನ್ನುತ್ತೇವೆ, ಅಂಕಣದ ಜೊತೆ ಹೊಂದುತ್ತದೆ. ವ್ಯಾಕರಣದ 'ಸಂಧಿ'ಯ ಜೊತೆ ಗೊಂದಲವಾಗುತ್ತದೆ ಎನ್ನುವವರಿಗೆ 'ಓಣಿ' ಇದೆ. ಎರಡನೆಯದಕ್ಕೆ 'ಒಳ ಅಂಚು' ಸಾಕು.

ಅಂದ ಹಾಗೆ, ಅಚ್ಚು ಬರುವ ಎಷ್ಟೋ ಮೊದಲೇ ನಮ್ಮ ಲಿಪಿಕಾರರಿಗೆ ಖಾಲಿ ಜಾಗದ ಲೆಕ್ಕ ಗೊತ್ತಿತ್ತು. ಓಲೆಗರಿಯಲ್ಲಿ ದಾರ ಪೋಣಿಸಲು ತೂತು ಬೇಕು. ದಾರ ಉಜ್ಜಿ ಅಕ್ಷರ ಹಾಳಾಗದ ಹಾಗೆ ತೂತಿನ ಸುತ್ತ ಚೌಕವಾಗಿ ಜಾಗ ಬಿಡುತ್ತಿದ್ದರು. ಸಾಲು ಅಲ್ಲಿಗೆ ಬಂದು ನಿಂತು, ಜಾಗ ದಾಟಿ ಮುಂದುವರಿಯುತ್ತದೆ. ಮೂಡುಬಿದಿರೆಯಲ್ಲಿರುವ ಹೊಯ್ಸಳರ ಕಾಲದ, ಧವಲಾ ಎಂಬ ಜೈನ ಗ್ರಂಥದ ಗರಿಗಳ ಚಿತ್ರ ಸಿಕ್ಕರೆ ಗಮನಿಸಿ. ಭಾಷೆ ಪ್ರಾಕೃತ, ಲಿಪಿ ಹಳೆಯ ಕನ್ನಡದ್ದು, ನಡುನಡುವೆ ಬಣ್ಣದ ಚಿತ್ರಗಳೂ ಇವೆ. ತೂತಿನ ಸುತ್ತ ಬಿಡುತ್ತಿದ್ದ ಆ ಜಾಗಕ್ಕೆ ಹಸ್ತಪ್ರತಿ ಓದುವವರು ಏನನ್ನುತ್ತಾರೆ? ಆ ಕೆಲಸದಲ್ಲಿರುವವರು ಈ ಗುಂಪಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. 1843ರಲ್ಲಿ ಹೊರಟ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನದು. ಕೈಯಲ್ಲಿ ಬರೆದದ್ದನ್ನೇ ಕಲ್ಲಿನಿಂದ ಎತ್ತುವುದರಿಂದ ಅದರಲ್ಲಿ ಮೊಳೆಯೂ ಇಲ್ಲ, ಸೀಸದ ಪಟ್ಟಿಯೂ ಇಲ್ಲ. ಅಲ್ಲಿ ಸಾಲಿನ ಜಾಗ ಬರೆಯುವವನ ಕಣ್ಣಳತೆ.

ಮಾರ್ಜಿನ್‌ಗೆ 'ಅಂಚು' ಎಂದು ಎಲ್ಲರೂ ಬರೆಯುತ್ತಾರೆ. ನನಗೂ ಒಪ್ಪಿಗೆ. ಸೀರೆಯ ಅಂಚಿಗೆ ಅಗಲ ಇರುವ ಹಾಗೆ ಪುಟದ ಅಂಚಿಗೂ ಇದೆ. ಆದರೆ 'ಕಾಗದದ ಅಂಚು' ಎಂದಾಗ ಕತ್ತರಿಸಿದ ತುದಿಯೂ ಆಗುತ್ತದೆ. ಬೈಂಡಿಂಗ್ ಆದ ಮೇಲೆ ಕತ್ತರಿಸುವುದು ಯಾವ ಅಂಚನ್ನು ಅಂತ ಸ್ಪಷ್ಟ ಮಾಡಬೇಕಾಗುತ್ತದೆ. ತುದಿಗೆ 'ತುದಿ', ಜಾಗಕ್ಕೆ 'ಅಂಚು' ಅಂತ ಕೈಪಿಡಿಯ ಮಟ್ಟಿಗೆ ಗೆರೆ ಎಳೆದಿದ್ದೇನೆ.

ಅಂಚುಗಳ ಅಳತೆಗೆ ಒಂದು ಹಳೆಯ ಸೂತ್ರವಿದೆ. ಯಾನ್ ಚಿಕೋಲ್ಡ್ ಎಂಬ ಜರ್ಮನ್ ವಿನ್ಯಾಸಕಾರ ಮಧ್ಯಯುಗದ ಹಸ್ತಪ್ರತಿಗಳನ್ನು ಅಳೆದು 1953ರಲ್ಲಿ ಇದನ್ನು ಮುಂದಿಟ್ಟ. ಪುಟದ ಅಗಲ ಎತ್ತರ 2:3 ಇರಬೇಕು. ಒಳಗಿನ, ಮೇಲಿನ, ಹೊರಗಿನ, ಕೆಳಗಿನ ಅಂಚುಗಳು 2:3:4:6 ಇರಬೇಕು. ಆಗ ಅಕ್ಷರ ತುಂಬಿದ ಭಾಗದ ಎತ್ತರ ಪುಟದ ಅಗಲಕ್ಕೆ ಸಮನಾಗುತ್ತದೆ. ತಮಾಷೆಯೆಂದರೆ ಇದೇ ಮನುಷ್ಯ 1928ರಲ್ಲಿ ಎಡಬಲ ಸರಿಸಮವಾಗಿ ಜೋಡಿಸುವ ಹಳೆಯ ಪುಟಗಳನ್ನೆಲ್ಲ ಬಿಟ್ಟುಬಿಡಿ ಎಂದು ಪುಸ್ತಕ ಬರೆದಿದ್ದ!

ನಮ್ಮ ಡೆಮಿ 1/8 ಪುಟ ಸುಮಾರು 14 ಸೆಂ.ಮೀ. ಅಗಲ, 21.5 ಎತ್ತರ. 2:3ಕ್ಕೆ ತುಂಬಾ ಹತ್ತಿರ. ಸೂತ್ರ ಹಾಕಿದರೆ ಒಳ ಅಂಚು ಒಂದೂವರೆ ಸೆಂ.ಮೀ., ಹೊರಗೆ ಮೂರು, ಮೇಲೆ 2.4, ಕೆಳಗೆ 4.8. ಇಷ್ಟು ಜಾಗ ಸುಮ್ನೆ ಬಿಡಲು ಯಾವ ಕನ್ನಡ ಪ್ರಕಾಶಕರೂ ಒಪ್ಪಲಾರರು, ಕಾಗದದ ಬೆಲೆ ನೋಡಿದರೆ ಅವರನ್ನು ದೂರುವಂತೆಯೂ ಇಲ್ಲ. ಆದರೂ ಕೆಳಗಿನ ಅಂಚು ಮೇಲಿನದಕ್ಕಿಂತ ದೊಡ್ಡದಿರಲಿ ಎಂಬ ಮಾತನ್ನಾದರೂ ಉಳಿಸಿಕೊಳ್ಳಬಹುದು. ಹೆಬ್ಬೆರಳಿಗೆ ಜಾಗ ಬೇಕಲ್ಲ.

ಪುಟವನ್ನು ಅಡ್ಡ, ಉದ್ದ ಗೆರೆಗಳಿಂದ ಭಾಗ ಮಾಡಿಕೊಳ್ಳುವ ಗ್ರಿಡ್‌ಗೆ 'ಚೌಕಟ್ಟು' ಬೇಡ, ಅದು ಫ್ರೇಮ್ ಆಗುತ್ತದೆ. ಸ್ವಿಸ್ ವಿನ್ಯಾಸಕಾರರು ಎರಡನೇ ಮಹಾಯುದ್ಧದ ನಂತರ ಬೆಳೆಸಿದ ಪದ್ಧತಿ ಅದು, ಹೆಸರೂ ಗ್ರಿಡ್ ಆಗಿಯೇ ಇರಲಿ.

ಕೊನೆಗೊಂದು ವಿಷಯ. ವೆನಿಸ್ಸಿನ ಆಲ್ಡಸ್ ಮನೂಷಿಯಸ್ 1501ರಲ್ಲಿ ಕೈಯಲ್ಲಿ ಹಿಡಿದು ಓದುವ ಚಿಕ್ಕ ಅಳತೆಯ ಪುಸ್ತಕ ತಂದ. ಫ್ರಾಂಚೆಸ್ಕೊ ಗ್ರಿಫೊ ಕೊರೆದ ಓರೆ ಅಕ್ಷರ, ಅಂದರೆ ಇಟಾಲಿಕ್, ಪೂರ್ತಿ ಪುಸ್ತಕಕ್ಕೆ ಬಳಕೆಯಾದದ್ದು ಅದರಲ್ಲೇ ಮೊದಲು. 1985ರಲ್ಲಿ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ಸಾಫ್ಟ್‌ವೇರು ತಂದ ಕಂಪನಿ ಆಲ್ಡಸ್‌ನ ಹೆಸರನ್ನೇ ಇಟ್ಟುಕೊಂಡಿತ್ತು. ನಮ್ಮ ಊರೂರಿನ ಡಿಟಿಪಿ ಅಂಗಡಿಗಳು ಬಹಳ ವರ್ಷ ನಡೆದದ್ದು ಪೇಜ್‌ಮೇಕರ್ ಮೇಲೆಯೇ. ಸೀಸ ಹೋದರೂ ಲೆಡ್ಡಿಂಗ್ ಎಂಬ ಹೆಸರು ಮೆನುವಿನಲ್ಲಿ ಉಳಿದು ಹಾಗೆಯೇ ನಮ್ಮ ಬಾಯಿಗೂ ಬಂತು. ಆದರೆ ಅದಕ್ಕೂ ಮುಂಚೆ ಹಲವು ತಲೆಮಾರು ಕನ್ನಡದ ಕಂಪೋಜಿಟರುಗಳು ಆ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದಾರೆ. ಅವರೆಲ್ಲ 'ಲೆಡ್ಡು', 'ಕ್ವಾಡು' ಅಂತಷ್ಟೇ ಅನ್ನುತ್ತಿದ್ದರು ಎಂದು ನನಗೆ ನಂಬಿಕೆ ಬರುತ್ತಿಲ್ಲ. 'ಅಚ್ಚುಮೊಳೆ', 'ಕಲ್ಲಚ್ಚು' ತರಹದ ಪದ ಕಟ್ಟಿದ ಜನ ಖಾಲಿ ಮೊಳೆಗೂ ಏನಾದರೊಂದು ಕರೆದಿರಲೇಬೇಕು.

ಹಾಗಾಗಿ ಕೇಳುತ್ತಿರುವುದು ಇಷ್ಟು. ಸಾಲಂತರ, ಸಾಲುಬಿಡುವು ಎಂದು ಎರಡು ಪದ ಇಟ್ಟುಕೊಳ್ಳುವುದು ಸರಿಯೇ, ಅಥವಾ ಒಂದೇ ಸಾಕೇ? ಸಂದಿಯೋ ಓಣಿಯೋ? ಪುಟದ ಕಾಲಮ್ಮಿಗೆ ಅಂಕಣವನ್ನು ಉಳಿಸಿಕೊಳ್ಳಬಹುದೇ? ಮತ್ತೆ, ನಿಮ್ಮ ಮನೆಯಲ್ಲಿ ಅಥವಾ ಗುರುತಿನಲ್ಲಿ ಮೊಳೆ ಜೋಡಿಸಿದ ಹಿರಿಯರಿದ್ದರೆ ಈ ಪಟ್ಟಿ, ತುಂಡುಗಳಿಗೆ ಏನು ಹೇಳುತ್ತಿದ್ದರೆಂದು ಕೇಳಿ ತಿಳಿಸಿ. ಪದದ ಜೊತೆಗೆ ಯಾವ ಊರಿನ ಕಡೆಯ ಮಾತು, ಪತ್ರಿಕೆಯ ಪ್ರೆಸ್ಸೋ ಲಗ್ನಪತ್ರಿಕೆ ಹೊಡೆಯುವ, ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ಲೋ ಅನ್ನುವುದನ್ನೂ ಬರೆದರೆ ಒಳ್ಳೆಯದು.