ಮೇಷ್ಟ್ರನ್ನು ಕೇಳಿ: ಮ್ಯಾಗ್ನೆಟ್ಟೂ ಬಿಸಿಯೂ

ಅಡ್ಮಿನ್: ಇವತ್ತು ಲೋಹ, ಮ್ಯಾಗ್ನೆಟ್ ಬಗ್ಗೆ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಸಕಲೇಶಪುರ ಪ್ಲಾಂಟರ್: ಕಾಫಿ ಹಲ್ಲರ್‌ಗೆ ಮೊಳೆ, ಬೋಲ್ಟು ಹೋಗದಿರಲಿ ಅಂತ ಮ್ಯಾಗ್ನೆಟ್ ಹಾಕಿದ್ದೇವೆ. ಡ್ರೈಯರ್ ಪಕ್ಕದಲ್ಲೇ ಇದೆ. ಈಗ ಹಿಡಿತ ಕಮ್ಮಿ. ಬಿಸಿಗೇನಾ ಸರ್?

ಮೇಷ್ಟ್ರು: ನಿಯೋಡಿಮಿಯಮ್ ಅನ್ನುವ ಬಲವಾದ ಬಗೆಯ ಮ್ಯಾಗ್ನೆಟ್ ಆದರೆ ಇರಬಹುದು. ಸಾಮಾನ್ಯ ದರ್ಜೆಯದು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ, ತಣ್ಣಗಾದ ಮೇಲೂ ಪೂರ್ತಿ ಶಕ್ತಿ ವಾಪಸ್ ಬರುವುದಿಲ್ಲ. ಕಪ್ಪು ಫೆರೈಟ್ ಮ್ಯಾಗ್ನೆಟ್ ಹಾಕಿಸಿ. ಹಿಡಿತ ಕಮ್ಮಿ, ಆದರೆ ಬಿಸಿ ತಡೆಯುತ್ತದೆ.

ಎಂ.ಎಸ್ಸಿ. ವಿದ್ಯಾರ್ಥಿನಿ, ಹಾಸನ: ಸರ್, ತಾಮ್ರದೊಳಗೆ ಕೋಬಾಲ್ಟ್‌ನ ನ್ಯಾನೊ ಕಾಳುಗಳಿರುವ ಪುಡಿ ನಮ್ಮ ಪ್ರಾಜೆಕ್ಟ್. ಕೋಣೆಯ ಉಷ್ಣತೆಯಲ್ಲಿ ಹಿಸ್ಟರಿಸಿಸ್ ಲೂಪೇ (ಕಾಂತಕ್ಷೇತ್ರ ಏರಿಸಿ ಇಳಿಸಿದಾಗ ಕಾಂತತೆ ಹಿಂದುಳಿದು ಬರೆಯುವ ಸುತ್ತುಗೆರೆ) ಇಲ್ಲ. ಕಾಂತಕ್ಷೇತ್ರ ಕೊಟ್ಟು 5 ಕೆಲ್ವಿನ್‌ಗೆ (ಸುಮಾರು ಮೈನಸ್ 268 ಡಿಗ್ರಿ ಸೆಲ್ಸಿಯಸ್) ಇಳಿಸಿದರೆ ಲೂಪ್ ತೆರೆಯುತ್ತದೆ, ಆದರೆ ಎಡಕ್ಕೆ ಸರಿದಿದೆ. ಯಂತ್ರದ ದೋಷ ಅನ್ನುತ್ತಿದ್ದಾರೆ.

ಮೇಷ್ಟ್ರು: ಅವಸರ ಬೇಡಮ್ಮ. ಮೊದಲನೆಯದು ಸುಲಭ. ಕೋಬಾಲ್ಟ್ ಸುಮಾರು 1,100 ಡಿಗ್ರಿವರೆಗೂ ಕಾಂತಗುಣ ಬಿಡುವುದಿಲ್ಲ. ಆದರೆ ಕಾಳು ಕೆಲವೇ ನ್ಯಾನೊಮೀಟರ್ ಇದ್ದರೆ, ಕೋಣೆಯ ಬಿಸಿಯೇ ಇಡೀ ಕಾಳಿನ ದಿಕ್ಕನ್ನು ಹೊರಳಿಸುತ್ತಿರುತ್ತದೆ. ಅಳೆಯುವಷ್ಟರಲ್ಲಿ ಎಲ್ಲ ಸರಾಸರಿಯಾಗಿ ಸೊನ್ನೆ. ತಣ್ಣಗಾದರೆ ದಿಕ್ಕು ಸಿಕ್ಕಿಬೀಳುತ್ತದೆ, ಅದೇ ಬ್ಲಾಕಿಂಗ್ ಉಷ್ಣತೆ. ವ್ಯಾಸ 4 ನ್ಯಾನೊಮೀಟರಿಂದ 5ಕ್ಕೆ ಏರಿದರೆ ಸಾಕು, ಘನಗಾತ್ರದ ಜೊತೆ ಅದೂ ಹೆಚ್ಚುಕಮ್ಮಿ ದುಪ್ಪಟ್ಟು. ಪುಡಿಯನ್ನು ಮತ್ತೆ ಕಾಯಿಸುವ ಮುಂಚೆ ಯೋಚಿಸು, ಕಾಳು ಬೆಳೆದುಬಿಡುತ್ತದೆ.

ಸರಿದ ಲೂಪ್ ಮಾತ್ರ ನನ್ನ ತಲೆ ತಿನ್ನುತ್ತಿದೆ. ಪುಡಿಗೆ ಗಾಳಿ ತಾಗಿತ್ತಾ? ಕೋಬಾಲ್ಟ್ ಆಕ್ಸೈಡ್ ಸುಮಾರು 18 ಡಿಗ್ರಿಗಿಂತ ಕೆಳಗೆ ಆಂಟಿಫೆರೋಮ್ಯಾಗ್ನೆಟ್, ಅಂದರೆ ಪಕ್ಕಪಕ್ಕದ ಪರಮಾಣುಗಳ ಕಾಂತದಿಕ್ಕು ಒಂದಕ್ಕೊಂದು ಉಲ್ಟಾ. ಕ್ಷೇತ್ರದಲ್ಲಿ ತಣ್ಣಗಾದರೆ ಆ ಪದರ ಒಳಗಿನ ಕೋಬಾಲ್ಟನ್ನು ಒಂದೇ ಕಡೆಗೆ ಎಳೆದು ಹಿಡಿಯುತ್ತದೆ. 1956ರಲ್ಲಿ ಮೀಕಲ್‌ಜಾನ್, ಬೀನ್ ಎಂಬ ವಿಜ್ಞಾನಿಗಳು ಇದನ್ನು ಕಂಡದ್ದೂ ಆಕ್ಸೈಡ್ ಹೊದ್ದ ಕೋಬಾಲ್ಟ್ ಕಣಗಳಲ್ಲೇ. ಕ್ಷೇತ್ರ ಉಲ್ಟಾ ಮಾಡಿ ಮತ್ತೆ ತಣ್ಣಗೆ ಮಾಡಿಸು. ಲೂಪ್ ಬಲಕ್ಕೆ ಹೋದರೆ ಯಂತ್ರವನ್ನು ಬೈಯಬೇಡ. ಲೂಪಿನ ತುದಿಗಳು ಮುಚ್ಚಿವೆಯಾ ಅದನ್ನೂ ನೋಡು. ಮುಚ್ಚದಿದ್ದರೆ ಕ್ಷೇತ್ರ ಸಾಲಲಿಲ್ಲ ಅಂತ, ಆಗ ಸುಮ್ನೆ ಸರಿದಂತೆ ಕಾಣುತ್ತದೆ.

ಅರಸೀಕೆರೆ: ಮ್ಯಾಗ್ನೆಟ್ ಎಷ್ಟು ಬಿಸಿ ತಡೆಯುತ್ತೆ ಸರ್?

ಮೇಷ್ಟ್ರು: ಮೇಲೆ ಓದಿ.

ಅರಕಲಗೂಡು: ಫಾರ್ವರ್ಡ್ ಬಂದಿದೆ. ಸೋತ ಮ್ಯಾಗ್ನೆಟ್ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಶಕ್ತಿ ಮರಳುತ್ತದಂತೆ. ಅದನ್ನು ಮುಳುಗಿಸಿದ ನೀರು ಕುಡಿದರೆ ಬಿಪಿ ಮಾಯವಂತೆ!

ಮೇಷ್ಟ್ರು: ಎರಡೂ ಸುಳ್ಳು. ಫೆರೈಟ್ ಅಂತೂ ಚಳಿಯಲ್ಲಿ ಇನ್ನೂ ಸುಲಭವಾಗಿ ಸೋಲುತ್ತದೆ. ಬಿಪಿ ಮಾತ್ರೆ ನಿಲ್ಲಿಸಬೇಡಿ. ಪೇಸ್‌ಮೇಕರ್ ಇದ್ದವರು ಎದೆ ಹತ್ತಿರ ಮ್ಯಾಗ್ನೆಟ್ ತರಲೇಬೇಡಿ. ಕಳಿಸುವ ಮುಂಚೆ ನೀವೇ ಒಂದ್ಸಲ ಓದಿ, ಸ್ವಾಮಿ.

ಚಿಕ್ಕಮಗಳೂರು: ಕುದುರೆಮುಖದ ಅದಿರೂ ಕಾಯಿಸಿದರೆ ಕಾಂತಗುಣ ಬಿಡುತ್ತಾ?

ಮೇಷ್ಟ್ರು: ಅದು ಮ್ಯಾಗ್ನೆಟೈಟ್. ಸುಮಾರು 580 ಡಿಗ್ರಿಗೆ ಬಿಡುತ್ತದೆ.

ಕಳಸ: ಆ ಅದಿರು ಈಗ ಯಾರಿಗೆ ಬೇಕು? 2005ರ ಕೊನೆಗೆ ಗಣಿ ನಿಲ್ಲಿಸಿದರು. ಎಷ್ಟು ಮನೆ ಬೀದಿಗೆ ಬಿತ್ತು.

ಬಾಳೆಹೊನ್ನೂರು: ನಿಲ್ಲಿಸಿದ್ದು ಸುಪ್ರೀಂ ಕೋರ್ಟು. ಭದ್ರೆಗೆ ಹೂಳು ಬಂದಾಗ ಕೆಳಗಿದ್ದವರು ನಾವು.

ಬೇಲೂರು: ಸರ್, ಕೆಲವು ಸ್ಟೀಲ್ ಪಾತ್ರೆ ಇಂಡಕ್ಷನ್ ಒಲೆ ಮೇಲೆ ಕಾಯೋದಿಲ್ಲ, ಯಾಕೆ?

ಕಳಸ: ಸಂಬಳ ನಿಂತವರ ಕಷ್ಟ ನಿಮಗೇನು ಗೊತ್ತು?

ಬಾಳೆಹೊನ್ನೂರು: ಗದ್ದೆಗೆ ಹೂಳು ತುಂಬಿದವರ ಕಷ್ಟ ನಿಮಗೆ ಗೊತ್ತಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇಲ್ಲಾಂದ್ರೆ ತೆಗೆಯುತ್ತೇನೆ.

ಅರಕಲಗೂಡು: ಫ್ರಿಜ್ ಬೇಡ ಅಂದ್ರೆ ಫ್ರೀಜರ್ ಆಗುತ್ತಾ ಸರ್?

ಮೇಷ್ಟ್ರು: ಇಲ್ಲ.

ವಿದ್ಯಾರ್ಥಿನಿ: ಸರ್, ಪುಡಿ ಇದ್ದ ಬಾಟಲಿಯ ಮುಚ್ಚಳ ಸಡಿಲ ಇತ್ತು.

ಮೇಷ್ಟ್ರು: ಹಾಗಾದರೆ ಆಕ್ಸೈಡ್ ಮೇಲೇ ನನ್ನ ಅನುಮಾನ. ಕ್ಷೇತ್ರವಿಲ್ಲದೆ ತಣ್ಣಗೆ ಮಾಡಿದ ಲೂಪ್ ಇದ್ದರೆ ನನ್ನ ನಂಬರಿಗೇ ಕಳಿಸಮ್ಮ. ಇಲ್ಲಿ ಗಣಿ ಮುಚ್ಚುವ ಹಾಗೆ ಕಾಣುತ್ತಿಲ್ಲ.